ಯಂತ್ರದ ಕಾಫಿ, ಬಟ್ಟೆಯ ಕಾಫಿ

ವಿರಾಜಪೇಟೆಯಿಂದ ಪೆರುಂಬಾಡಿಯ ಮಾರ್ಗವಾಗಿ ಕಣ್ಣೂರಿನತ್ತ ಇಳಿಯುವ ಘಟ್ಟದ ರಸ್ತೆಯಲ್ಲಿ ಕನ್ನಡನಾಡಿನ ಕೊನೆಯ ಊರು ಮಾಕುಟ್ಟ. ಸುತ್ತಲೂ ಬ್ರಹ್ಮಗಿರಿಯ ದಟ್ಟವಾದ ಅರಣ್ಯ. ಕೂಟುಪೊಳೆಯ ಸೇತುವೆ ದಾಟಿದರೆ ಕೇರಳ ರಾಜ್ಯ. ಮುಂಗಾರು ಹಿಡಿಯಿತೆಂದರೆ ಇಲ್ಲಿ ಮಳೆಯೇ ಯಜಮಾನ. ಮರ ಬಿದ್ದು ರಸ್ತೆ ಕಟ್ಟುವುದು, ತಂತಿ ಕಡಿದು ವಿದ್ಯುತ್ತು ನಿಲ್ಲುವುದು ಯಾರಿಗೂ ಹೊಸ ಸುದ್ದಿಯಲ್ಲ. 2018ರ ಜೂನ್ ತಿಂಗಳಲ್ಲಿ ಈ ಘಟ್ಟದಲ್ಲಿ ಗುಡ್ಡ ಕುಸಿದು ವಾಹನ ಸಂಚಾರವೇ ನಿಂತುಹೋದದ್ದನ್ನು ಓದುಗರಲ್ಲಿ ಹಲವರು ಬಲ್ಲರು. ಇಂತಹ ಊರಿನಲ್ಲಿ ಬೆಳಗಿನ ಕಾಫಿ ಎಂದೂ ವಿದ್ಯುತ್ತಿನ ಗುಂಡಿಯನ್ನು ನಂಬಿ ಕುಳಿತದ್ದಿಲ್ಲ. ಒಂದು ಪಾತ್ರೆ, ಒಂದು ಉಂಡೆ ಬೆಲ್ಲ, ಒಂದು ಹಿಡಿ ಪುಡಿ, ಒಂದು ತುಂಡು ಬಟ್ಟೆ. ಇಷ್ಟರಲ್ಲಿ ಮನೆಮಂದಿಗೂ ಬಂದವರಿಗೂ ಕಾಫಿ ಆಗುತ್ತಿತ್ತು, ಈಗಲೂ ಅನೇಕ ಮನೆಗಳಲ್ಲಿ ಆಗುತ್ತಿದೆ.

ಆರೋಗ್ಯದ ಪುಟಗಳಲ್ಲಿ ಕಾಫಿಯ ಪಾತ್ರೆಪಡಗದ ಮಾತೇಕೆ ಎಂದು ಸದ್ಭಕ್ತರು ಕೇಳಬಹುದು. ಕಾರಣವಿದೆ. ಮಠಕ್ಕೆ ಬರುವ ಭಕ್ತರ ಮನೆಗಳಲ್ಲಿ ಇತ್ತೀಚೆಗೆ ಕಾಫಿ ಯಂತ್ರಗಳು ಹೆಚ್ಚುತ್ತಿವೆ. ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಒಂದು, ಬೆಂಗಳೂರಿನ ಮಗ ಕಳಿಸಿದ್ದು ಇನ್ನೊಂದು, ತಿಂಗಳ ಕಂತಿನಲ್ಲಿ ಕೊಂಡದ್ದು ಮತ್ತೊಂದು. ಅವುಗಳಲ್ಲಿ ಕೆಲವಕ್ಕೆ ಕೊಡುವ ಹಣದಲ್ಲಿ ಒಂದು ಸಾಧಾರಣ ಸಂಸಾರದ ಹಲವು ತಿಂಗಳ ದಿನಸಿ ಬರುತ್ತದೆ. ಹಣದ ಮಾತನ್ನು ಅವರವರ ವಿವೇಕಕ್ಕೆ ಬಿಡೋಣ. ನಾವು ಇಲ್ಲಿ ವಿಚಾರ ಮಾಡಬೇಕಾದದ್ದು, ಕಾಫಿಯನ್ನು ಹೇಗೆ ಮಾಡುತ್ತೇವೆ ಎಂಬುದಕ್ಕೂ ನಮ್ಮ ರಕ್ತದ ಕೊಬ್ಬಿಗೂ ಇರುವ ಸಂಬಂಧವನ್ನು. ಕಾಫಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಎಲ್ಲರಿಗೂ ಪರಿಚಿತ. ಅದೇ ಪುಡಿ, ಅದೇ ನೀರು, ಮಾಡುವ ವಿಧಾನ ಬೇರೆಯಾದರೆ ದೇಹಕ್ಕೆ ಸೇರುವ ವಸ್ತುವೇ ಬೇರೆಯಾಗುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ.

ಈ ಸಂಗತಿ ಬೆಳಕಿಗೆ ಬಂದದ್ದು ದೂರದ ನಾರ್ವೆ ದೇಶದಲ್ಲಿ. ಅಲ್ಲಿನ ಟ್ರಾಮ್ಸೋ ಎಂಬ ನಗರದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಸ್ತ್ರೀಪುರುಷರನ್ನು ಪರೀಕ್ಷಿಸಿದ ವೈದ್ಯರು, ಕಾಫಿ ಹೆಚ್ಚು ಕುಡಿಯುವವರ ರಕ್ತದಲ್ಲಿ ಕೊಲೆಸ್ಟರಾಲ್ ಕೂಡ ಹೆಚ್ಚಿರುವುದನ್ನು 1983ರಲ್ಲಿ ಪ್ರಕಟಿಸಿದರು. ಆದರೆ ಬೇರೆ ಕೆಲವು ದೇಶಗಳಲ್ಲಿ ಇದೇ ಪರೀಕ್ಷೆ ಮಾಡಿದಾಗ ಅಂಥ ಸಂಬಂಧ ಕಾಣಲಿಲ್ಲ. ಒಗಟು ಬಿಡಿಸಿದ್ದು ಕಾಫಿ ಮಾಡುವ ಕ್ರಮ. ಉತ್ತರ ಯೂರೋಪಿನ ಆ ಭಾಗದವರು ಪುಡಿಯನ್ನು ನೀರಿನಲ್ಲಿ ಕುದಿಸಿ, ಸೋಸದೆ, ಚರಟ ತಳಕ್ಕಿಳಿದ ಮೇಲೆ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಉಳಿದವರು ಕಾಗದದಲ್ಲಿ ಸೋಸುತ್ತಿದ್ದರು. ಮುಂದೆ ನೆದರ್ಲೆಂಡಿನ ಸಂಶೋಧಕರು ಕಾಫಿಬೀಜದ ಎಣ್ಣೆಯಲ್ಲಿರುವ ಎರಡು ವಸ್ತುಗಳನ್ನು ಇದರ ಮೂಲವೆಂದು ಗುರುತಿಸಿದರು. ಅವುಗಳ ಹೆಸರು ಕೆಫೆಸ್ಟಾಲ್ ಮತ್ತು ಕಾವಿಯೋಲ್. ಇವು ನಾಲಗೆಗೆ ತಿಳಿಯುವುದಿಲ್ಲ, ನಿದ್ರೆಗೆ ಅಡ್ಡಿ ಮಾಡುವುದಿಲ್ಲ, ಸದ್ದಿಲ್ಲದೆ ಯಕೃತ್ತಿನ ಕೆಲಸದಲ್ಲಿ ಕೈಹಾಕಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತವೆ. ಕಾಗದದ ಮೂಲಕ ಇಳಿದ ಕಾಫಿಯಲ್ಲಿ ಇವು ಬಹುಪಾಲು ಹಿಂದೆಯೇ ಉಳಿಯುತ್ತವೆ.

ಹಾಗಾದರೆ ಯಂತ್ರ? ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾನಿಲಯದ ಸಂಶೋಧಕರು ಕೆಲಸದ ಸ್ಥಳಗಳಲ್ಲಿರುವ 14 ಕಾಫಿ ಯಂತ್ರಗಳನ್ನು ಪರೀಕ್ಷಿಸಿ 2025ರಲ್ಲಿ ವರದಿ ಪ್ರಕಟಿಸಿದ್ದಾರೆ. ಬೀಜ ಅಥವಾ ಪುಡಿಯಿಂದ ಅಲ್ಲಿಯೇ ಕಾಫಿ ಇಳಿಸಿ ಲೋಹದ ಜಾಲರಿಯಲ್ಲಿ ಸೋಸುವ ಯಂತ್ರಗಳ ಕಾಫಿಯಲ್ಲಿ ಲೀಟರಿಗೆ ಸುಮಾರು 176 ಮಿಲಿಗ್ರಾಂ ಕೆಫೆಸ್ಟಾಲ್ ಕಂಡುಬಂದಿತು. ಕಾಗದದಲ್ಲಿ ಸೋಸಿದ ಕಾಫಿಯಲ್ಲಿ ಸುಮಾರು 12 ಮಾತ್ರ. ಕುದಿಸಿ ಸೋಸದೆ ಬಿಟ್ಟ ಕಾಫಿಯಲ್ಲಿ 939. ಈಗ ಓದುಗರು ಗಮನಿಸಬೇಕಾದ ಅಂಕಿ ಬರುತ್ತದೆ: ಅದೇ ಕುದಿಸಿದ ಕಾಫಿಯನ್ನು ಬಟ್ಟೆಯಲ್ಲಿ ಸೋಸಿದಾಗ ಉಳಿದದ್ದು 28. ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಬೆಲೆಬಾಳುವ ಯಂತ್ರದ ಜಾಲರಿ ಮಾಡಲಾರದ ಕೆಲಸವನ್ನು ಒಂದು ತುಂಡು ಬಟ್ಟೆ ಮಾಡಿತು. ಮಾಕುಟ್ಟದ ಅಜ್ಜಿಯರಿಗೆ ಕೆಫೆಸ್ಟಾಲ್ ಎಂಬ ಹೆಸರು ಗೊತ್ತಿರಲಿಲ್ಲ. ಚರಟ ಬಾಯಿಗೆ ಸಿಗಬಾರದೆಂದು ಅವರು ಬಟ್ಟೆ ಹಿಡಿದರು. ಹಿಡಿದದ್ದು ಒಳ್ಳೆಯದೇ ಆಯಿತು.

ಇದೇ ಮಾತನ್ನು ಇನ್ನೊಂದು ದೊಡ್ಡ ಅಧ್ಯಯನವೂ ಪುಷ್ಟೀಕರಿಸುತ್ತದೆ. ನಾರ್ವೆಯಲ್ಲಿ 5 ಲಕ್ಷಕ್ಕೂ ಹೆಚ್ಚು ಜನರನ್ನು ಸರಾಸರಿ 20 ವರ್ಷಗಳ ಕಾಲ ಅನುಸರಿಸಿ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸೋಸಿದ ಕಾಫಿ ಕುಡಿಯುವವರಲ್ಲಿ ಹೃದಯಸಂಬಂಧಿ ಮರಣಗಳು ಸೋಸದ ಕಾಫಿ ಕುಡಿಯುವವರಿಗಿಂತ ಕಡಿಮೆ ಇದ್ದವು. ಇಂಥ ಅಧ್ಯಯನಗಳು ಜನರ ರೂಢಿಯನ್ನು ಗಮನಿಸಿ ಬರೆದವೇ ಹೊರತು ಔಷಧಿಯ ಪರೀಕ್ಷೆಯಂತೆ ನಡೆದವಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಆದರೂ ಪ್ರಯೋಗಶಾಲೆಯ ಲೆಕ್ಕವೂ ಜನಜೀವನದ ಲೆಕ್ಕವೂ ಒಂದೇ ದಿಕ್ಕಿಗೆ ಬೆರಳು ತೋರುವಾಗ ಆ ದಿಕ್ಕನ್ನು ನೋಡದಿರುವುದು ಜಾಣತನವಲ್ಲ. ಮನೆಯಲ್ಲಿ ಕೊಲೆಸ್ಟರಾಲಿನ ಮಾತ್ರೆ ನುಂಗುವ ಹಿರಿಯರಿದ್ದು, ಅವರಿಗೆ ದಿನಕ್ಕೆ ಮೂರು ಬಾರಿ ಯಂತ್ರದಿಂದ ದಪ್ಪ ಕಾಫಿ ಇಳಿಸಿ ಕೊಡುತ್ತಿದ್ದರೆ, ಮಾತ್ರೆಯೊಂದು ಕಡೆ ಎಳೆಯುತ್ತದೆ, ಬಟ್ಟಲು ಇನ್ನೊಂದು ಕಡೆ ಎಳೆಯುತ್ತದೆ.

ನಮ್ಮ ದಕ್ಷಿಣ ದೇಶದ ಹಿತ್ತಾಳೆಯ ಅಥವಾ ಸ್ಟೀಲಿನ ಎರಡಂತಸ್ತಿನ ಫಿಲ್ಟರಿನ ವಿಷಯವೇನು ಎಂಬ ಪ್ರಶ್ನೆ ಸಹಜ. ಅದು ಸರಳವಾದ ಸಾಧನ. ವಿದ್ಯುತ್ತು ಬೇಡ, ಕೆಡುವ ಭಾಗವಿಲ್ಲ, ತಾಯಿಯಿಂದ ಸೊಸೆಗೆ ದಾಟುವಷ್ಟು ಬಾಳಿಕೆ. ಪುಡಿಯ ಮೇಲೆ ಬಿಸಿನೀರು ಸುರಿದು ಮುಚ್ಚಿಟ್ಟು, ಲಿಂಗಪೂಜೆ ಮುಗಿಸಿ ಬರುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಪುಡಿಯನ್ನು ಕುದಿಸುವುದಿಲ್ಲವಾದ್ದರಿಂದ ಕಹಿಯೂ ಕಡಿಮೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಲೋಹದ ತಟ್ಟೆಯ ತೂತುಗಳು ಕಾಗದದಂತೆ, ಬಟ್ಟೆಯಂತೆ ಎಣ್ಣೆಯನ್ನು ತಡೆಯಲಾರವು. ಆದ್ದರಿಂದ ಕೊಲೆಸ್ಟರಾಲ್ ಹೆಚ್ಚಿರುವವರು ಇಳಿದ ಡಿಕಾಕ್ಷನ್ನನ್ನು ತೆಳುವಾದ ಒದ್ದೆ ಹತ್ತಿ ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿಕೊಳ್ಳುವುದು ಒಳ್ಳೆಯದು. ಅರ್ಧ ನಿಮಿಷದ ಕೆಲಸ. ಹಿತ್ತಾಳೆಯ ಫಿಲ್ಟರ್ ಬಳಸುವವರು ಒಳಗಿನ ಕಲಾಯಿ ಸವೆದಿದ್ದರೆ ಅದನ್ನು ಮತ್ತೆ ಹಾಕಿಸದೆ ಉಪಯೋಗಿಸಬಾರದು; ಕಾಫಿ ಆಮ್ಲಗುಣದ್ದು, ಬರಿ ಹಿತ್ತಾಳೆಯೊಂದಿಗೆ ಅದರ ಸಹವಾಸ ಸಲ್ಲದು. ಕಲಾಯಿ ಹಾಕುವವರು ಈಗ ಸಿಗುವುದೇ ದುರ್ಲಭ ಎನ್ನುವವರು ಸ್ಟೀಲಿನದನ್ನೇ ಇಟ್ಟುಕೊಳ್ಳಲಿ.

ಕೊಡಗಿನವರಿಗೆ ಇನ್ನೊಂದು ಅನುಕೂಲವಿದೆ. ಕಾವಿಯೋಲ್ ಬಹುಪಾಲು ಅರೇಬಿಕಾದಲ್ಲಿರುತ್ತದೆ. ಕೆಫೆಸ್ಟಾಲ್ ಕೂಡ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಕಡಿಮೆ. ಕೊಡಗಿನ ತೋಟಗಳಲ್ಲಿ ಇಂದು ಹೆಚ್ಚಾಗಿ ಬೆಳೆಯುವುದು ರೊಬಸ್ಟಾ. ಕಣದಲ್ಲಿ ಒಣಗಿಸಿದ ಚೆರಿಯನ್ನು ಮನೆಯ ಖರ್ಚಿಗೆಂದು ಒಂದಿಷ್ಟು ತೆಗೆದಿಟ್ಟು, ಸಿಪ್ಪೆ ಬಿಡಿಸಿ, ಹುರಿದು ಪುಡಿ ಮಾಡಿಸಿಕೊಳ್ಳುವ ಮನೆಗಳು ಇನ್ನೂ ಇವೆ. ಆದರೆ ಅನುಕೂಲದ ಬೆನ್ನಿಗೇ ಒಂದು ಎಚ್ಚರವೂ ಬರುತ್ತದೆ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹತ್ತಿರಹತ್ತಿರ ಎರಡರಷ್ಟು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಡನೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ದಿನಕ್ಕೆ 300 ಮಿಲಿಗ್ರಾಂ ಕೆಫೀನನ್ನು ಮೀರಬಾರದೆಂದು ಹೇಳಿದೆ. ಅದರ ಲೆಕ್ಕದಂತೆ 150 ಮಿಲಿಲೀಟರಿನ ಒಂದು ಲೋಟ ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಕೂಡಲೇ ಕರಗುವ ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ಎಂದರೆ ಗಟ್ಟಿ ಕಾಫಿಯಾದರೆ ದಿನಕ್ಕೆ ಎರಡೂವರೆ ಲೋಟಕ್ಕೇ ಮಿತಿ ಮುಟ್ಟುತ್ತದೆ. ನಡುವೆ ಕುಡಿದ ಚಹಾವೂ ಈ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಯಂತ್ರದ ಮೇಲೆ ನಮಗಿರುವ ಮುಖ್ಯ ಆಕ್ಷೇಪಣೆ ಇಲ್ಲಿಯೇ ಇದೆ. ಗುಂಡಿ ಒತ್ತಿದರೆ ಕಾಫಿ ಬರುತ್ತದೆಂದಾದರೆ ಗುಂಡಿ ಒತ್ತುವುದಕ್ಕೆ ಕಾರಣ ಬೇಕಾಗುವುದಿಲ್ಲ. ಒಲೆ ಹಚ್ಚಿ, ನೀರು ಕಾಯಿಸಿ, ಸೋಸಿ, ಬಟ್ಟೆ ತೊಳೆದು ಒಣಹಾಕುವ ಕೆಲಸವಿದ್ದಾಗ ನಾಲ್ಕನೆಯ ಕಾಫಿ ಬೇಕೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮಾಕುಟ್ಟದ ದಾರಿಯಲ್ಲಿ ನಾವು ಕಂಡ ಒಂದು ಮನೆಯ ಗೃಹಿಣಿಯ ಮಾತನ್ನು ಇಲ್ಲಿ ಹೇಳಬೇಕು. ಅಡುಗೆಮನೆಯ ಕಲ್ಲಿನ ಕಟ್ಟೆಯ ಅರ್ಧವನ್ನು ಆಕ್ರಮಿಸಿದ್ದ ಯಂತ್ರಕ್ಕೆ ಆಕೆ ಹಳೆಯ ದುಪ್ಪಟಿ ಹೊದಿಸಿದ್ದರು. "ಮಗ ಪ್ರೀತಿಯಿಂದ ಕಳಿಸಿದ್ದು, ಬೇಡ ಅನ್ನಲಾಗಲಿಲ್ಲ. ಆದರೆ ಮಳೆಗಾಲದಲ್ಲಿ ಕರೆಂಟು ಇರುವುದಿಲ್ಲ. ಇದ್ದಾಗ ಇವರು ದಿನಕ್ಕೆ ಆರು ಸಲ ಒತ್ತುತ್ತಾರೆ, ರಾತ್ರಿ ಎರಡು ಗಂಟೆಯವರೆಗೆ ಹೊರಳಾಡುತ್ತಾರೆ" ಎಂದರು. ದುಪ್ಪಟಿ ಹೊದಿಸಿದ ಮೇಲೆ ಮನೆಯ ಯಜಮಾನರಿಗೆ ನಿದ್ರೆ ಬರುತ್ತಿದೆಯಂತೆ. ವೈದ್ಯಶಾಸ್ತ್ರಕ್ಕೆ ಇದು ಪುರಾವೆಯಲ್ಲ, ನಿಜ. ಆದರೆ ಕೆಫೀನಿನ ಅರ್ಧಭಾಗ ದೇಹದಿಂದ ಹೊರಹೋಗುವುದಕ್ಕೇ ಸುಮಾರು ಐದು ಗಂಟೆ ಬೇಕು ಎಂಬುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೂ ಇಲ್ಲ. ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೆ ಇನ್ನೂ ಅರ್ಧ ಲೋಟವಾಗಿ ಮೈಯಲ್ಲಿ ಉಳಿದಿರುತ್ತದೆ.

ಶುಚಿತ್ವದ ವಿಷಯ ಬೇರೆ ಇದೆ. ಯಂತ್ರದ ನೀರಿನ ತೊಟ್ಟಿ, ಒಳಗಿನ ಕೊಳವೆಗಳು, ಹಾಲು ನೊರೆ ಬರಿಸುವ ನಳಿಗೆ ಇವು ಸದಾ ತೇವವಾಗಿರುವ ಜಾಗಗಳು. ದಿನವೂ ಖಾಲಿ ಮಾಡಿ ಒಣಗಿಸದಿದ್ದರೆ ಲೋಳೆ ಕಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ. ಮಲೆನಾಡಿನ ಥಂಡಿಯಲ್ಲಂತೂ ಕೇಳುವುದೇ ಬೇಡ. ಬಯಲುಸೀಮೆಯ ಭಕ್ತರ ಮನೆಗಳಲ್ಲಿ ಕೊಳವೆಬಾವಿಯ ಗಡಸು ನೀರಿನ ಸುಣ್ಣ ಕೊಳವೆಯೊಳಗೆ ಗಟ್ಟಿಯಾಗುತ್ತದೆ. ಕಣ್ಣಿಗೆ ಕಾಣದ ಜಾಗವನ್ನು ಕೈಯಿಂದ ತಿಕ್ಕಲಾಗುವುದಿಲ್ಲ. ಪಾತ್ರೆಯನ್ನಾದರೋ ಬೂದಿಯಿಂದಲೋ ಸೋಪಿನಿಂದಲೋ ತೊಳೆದು ಬೋರಲು ಹಾಕಿದರೆ ಮುಗಿಯಿತು. ಕಾಫಿಪುಡಿಯನ್ನು ಒಂದೊಂದು ಲೋಟಕ್ಕೆ ಒಂದೊಂದು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಡಬ್ಬಿಯಲ್ಲಿ ತುಂಬಿ ಮಾರುವ ಯಂತ್ರಗಳೂ ಬಂದಿವೆ. ಅಮೆರಿಕದಲ್ಲಿ ಅಂಥ ಪ್ಲಾಸ್ಟಿಕ್ ಡಬ್ಬಿಯನ್ನು ರೂಪಿಸಿದ ಜಾನ್ ಸಿಲ್ವನ್ ಅವರೇ, ತಾವು ಅದನ್ನು ಮಾಡಿದ್ದಕ್ಕೆ ಒಮ್ಮೊಮ್ಮೆ ಬೇಸರವಾಗುತ್ತದೆಂದೂ ತಮ್ಮ ಮನೆಯಲ್ಲಿ ಆ ಯಂತ್ರವಿಲ್ಲವೆಂದೂ 2015ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದರು. ಮಾಡಿದವರೇ ಹೀಗೆಂದ ಮೇಲೆ ನಾವು ಹೆಚ್ಚಿಗೆ ಹೇಳುವುದೇನಿದೆ.

ಸರಳ ಸಾಧನವೆಂದರೆ ಹಿಂದುಳಿದದ್ದು ಎಂಬ ಭಾವನೆ ಕೆಲವರಲ್ಲಿದೆ. ಜಗತ್ತಿಗೆ ಕಾಗದದ ಸೋಸುಕ ಬಂದದ್ದು ದೊಡ್ಡ ಕಾರ್ಖಾನೆಯಿಂದಲ್ಲ. ಜರ್ಮನಿಯ ಡ್ರೆಸ್ಡೆನ್ ನಗರದ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ, ಚರಟ ತುಂಬಿದ ಕಹಿ ಕಾಫಿಯಿಂದ ಬೇಸತ್ತು, ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ಪುಸ್ತಕದ ಒತ್ತುಕಾಗದವನ್ನು ಅದರಲ್ಲಿಟ್ಟು ಕಾಫಿ ಸೋಸಿದರು. 1908ರಲ್ಲಿ ಅದಕ್ಕೆ ಹಕ್ಕುಪತ್ರವೂ ದೊರೆಯಿತು. ವಿದ್ವಾಂಸರು ಇಂದು ಹೃದಯಕ್ಕೆ ಹಿತವೆಂದು ಎತ್ತಿ ಹಿಡಿಯುತ್ತಿರುವುದು ಆ ತಾಯಿಯ ಉಪಾಯವನ್ನೇ. ನಮ್ಮಲ್ಲಿ ದಾಸೋಹದ ಮನೆಯಲ್ಲಿ ನೂರಾರು ಮಂದಿಗೆ ಕಾಫಿ ಮಾಡುವಾಗ ಕೊಳಗದಂಥ ಪಾತ್ರೆಯಲ್ಲಿ ನೀರು ಕಾಯಿಸಿ, ಇಬ್ಬರು ಎರಡು ಕಡೆ ಬಟ್ಟೆ ಹಿಡಿದು ಸೋಸುವುದನ್ನು ಕಂಡಿದ್ದೇವೆ. ಯಾವ ಯಂತ್ರವೂ ಅಷ್ಟು ಜನರ ಪಂಕ್ತಿಯನ್ನು ಅಷ್ಟು ಬೇಗ ತಣಿಸಲಾರದು.

ಇನ್ನು ಮಾಡುವ ಕ್ರಮ. ನಾಲ್ವರಿಗೆ ಬೆಲ್ಲದ ಕಾಫಿ ಬೇಕೆಂದರೆ ನಾಲ್ಕು ಲೋಟ ನೀರಿಗೆ ರುಚಿಗೆ ತಕ್ಕಷ್ಟು ಬೆಲ್ಲ ಹಾಕಿ ಕುದಿಸಬೇಕು. ಬೆಲ್ಲ ಕರಗಿ ನೀರು ಮರಳಿದ ಮೇಲೆ ಒಲೆಯಿಂದ ಇಳಿಸಿ, ಆಮೇಲೆ ನಾಲ್ಕು ಚಿಕ್ಕ ಚಮಚ ಪುಡಿ ಹಾಕಿ ಕಲಕಿ ಮುಚ್ಚಬೇಕು. ಪುಡಿಯನ್ನು ಒಲೆಯ ಮೇಲೆ ಕುದಿಸಿದರೆ ಪರಿಮಳ ಹಾರಿ ಕಹಿ ಉಳಿಯುತ್ತದೆ. ಮೂರು ನಾಲ್ಕು ನಿಮಿಷ ಬಿಟ್ಟು, ನೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯನ್ನು ಕೊನೆಯಲ್ಲಿ ಹಿಂಡಬಾರದು. ಹಿಂಡಿದರೆ ತಡೆದಿಟ್ಟ ಎಣ್ಣೆಯೂ ಹಿಟ್ಟೂ ಲೋಟಕ್ಕೇ ಇಳಿಯುತ್ತವೆ. ಶೀತ ಕೆಮ್ಮಿನ ದಿನಗಳಲ್ಲಿ ಗಡಿಯಾಚೆಯವರು ಚುಕ್ಕು ಕಾಪಿ ಮಾಡುತ್ತಾರೆ. ಒಣಶುಂಠಿ, ಕಾಳುಮೆಣಸು, ಬೆಲ್ಲ, ಕೆಲವೊಮ್ಮೆ ತುಳಸಿ ಸೇರಿದ ಆ ಪಾನೀಯ ಮಾಕುಟ್ಟದ ಅಂಗಡಿಗಳ ಕಡೆಯ ಜನಕ್ಕೂ ಚಿರಪರಿಚಿತ. ಅದರಲ್ಲಿ ಕಾಫಿಪುಡಿ ಹೆಸರಿಗಷ್ಟೇ ಇರುವುದರಿಂದ ಸಂಜೆಯ ಹೊತ್ತಿಗೂ ತೊಂದರೆಯಿಲ್ಲ.

ಬೆಲ್ಲ ಸಕ್ಕರೆಯಲ್ಲವೆಂದು ಮಧುಮೇಹಿಗಳು ತಿಳಿಯಬಾರದು. ಬೆಲ್ಲದಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ. ಖನಿಜಾಂಶ ಸ್ವಲ್ಪ ಇದ್ದ ಮಾತ್ರಕ್ಕೆ ರಕ್ತದಲ್ಲಿ ಅದರ ಏರಿಕೆ ನಿಲ್ಲುವುದಿಲ್ಲ. ಅವರಿಗೆ ಸಿಹಿಯಿಲ್ಲದ ಕಾಫಿಯೇ ದಾರಿ. ಚಿಕೋರಿ ಬೆರೆಸಿದ ಪುಡಿ ಕೊಳ್ಳುವವರು ಚೀಟಿಯನ್ನು ಓದಿಕೊಳ್ಳಬೇಕು. ಚಿಕೋರಿಯ ಬೇರಿನಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಅದು ವಿಷವೇನಲ್ಲ. ಆದರೆ ಮಿಶ್ರಣದ ಅರ್ಧದಷ್ಟು ಅದೇ ಇದ್ದಾಗ ಕಾಫಿಯ ಬೆಲೆ ತೆತ್ತು ಕೊಂಡದ್ದು ಏನನ್ನು ಎಂಬ ಪ್ರಶ್ನೆ ಉಳಿಯುತ್ತದೆ.

ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಎರಡು ಮಾತು. ಊಟದ ಜೊತೆಗೋ ಊಟವಾದ ಕೂಡಲೋ ಕುಡಿದ ಕಾಫಿ, ಆಹಾರದ ಕಬ್ಬಿಣದ ಅಂಶ ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ರಾಗಿ, ಸೊಪ್ಪು, ಕಾಳುಗಳಿಂದಲೇ ಕಬ್ಬಿಣ ಪಡೆಯಬೇಕಾದ ಶಾಕಾಹಾರಿಗಳಾದ ನಮಗೆ ಇದು ಸಣ್ಣ ನಷ್ಟವಲ್ಲ. ರಕ್ತಹೀನತೆಯಿಂದ ಬಳಲುವ ತಾಯಂದಿರು ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರದವರೆಗೆ ಕಾಫಿ ಚಹಾಗಳನ್ನು ದೂರವಿಡಬೇಕೆಂದು ಮೇಲೆ ಹೇಳಿದ ಮಾರ್ಗಸೂಚಿಯೂ ಸೂಚಿಸುತ್ತದೆ. ಥೈರಾಯ್ಡ್ ಮಾತ್ರೆ ನುಂಗುವವರು ಅದನ್ನು ಬರಿ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಕಳೆಯದೆ ಕಾಫಿ ಕುಡಿಯಬಾರದು; ಕುಡಿದರೆ ಮಾತ್ರೆಯ ಬಲ ಕುಗ್ಗುತ್ತದೆ. ಎದ್ದು ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮುಗಿಸುವವರೆಗೆ ಏನನ್ನೂ ಸೇವಿಸದ ನಿಯಮವಿರುವ ಮನೆಗಳಲ್ಲಿ, ವೈದ್ಯರು ಹೇಳಿದ ಮಾತ್ರೆಯನ್ನು ನೀರಿನೊಡನೆ ಮೊದಲು ತೆಗೆದುಕೊಂಡರೆ ಪೂಜೆಯ ಹೊತ್ತೇ ಆ ಅಂತರವಾಗಿ ಒದಗುತ್ತದೆ. ಗರ್ಭಿಣಿಯರು ದಿನಕ್ಕೆ ಒಂದು ಲೋಟ, ಹೆಚ್ಚೆಂದರೆ ಎರಡಕ್ಕೆ ನಿಲ್ಲಿಸಿ, ಉಳಿದದ್ದನ್ನು ವೈದ್ಯರನ್ನು ಕೇಳಿ ನಿರ್ಧರಿಸಲಿ.

ಬಟ್ಟೆಯ ಆರೈಕೆಯಲ್ಲಿ ಉದಾಸೀನ ಮಾಡಿದರೆ ಇಷ್ಟೆಲ್ಲ ಹೇಳಿದ್ದು ವ್ಯರ್ಥ. ಬಣ್ಣ ಹಾಕದ, ಒತ್ತಾದ ನೇಯ್ಗೆಯ ಹತ್ತಿ ಬಟ್ಟೆ ಬೇಕು. ಸೀರೆಯ ತುಂಡಿನ ಬಣ್ಣ ಬಿಸಿನೀರಿಗೆ ಬಿಡಬಹುದು. ಹೊಸ ಬಟ್ಟೆಯನ್ನು ಒಮ್ಮೆ ಕುದಿಸಿ ಗಂಜಿ ತೆಗೆಯಬೇಕು. ಪ್ರತಿಸಲ ಸೋಸಿದ ಕೂಡಲೇ ಚರಟವನ್ನು ಗಿಡದ ಬುಡಕ್ಕೆ ಸುರಿದು, ಬಟ್ಟೆಯನ್ನು ಬಿಸಿನೀರಿನಲ್ಲಿ ಜಾಲಿಸಬೇಕು. ಸೋಪು ಬೇಡ, ಅದರ ವಾಸನೆ ನೂಲಿನಲ್ಲಿ ಉಳಿಯುತ್ತದೆ. ಬಿಸಿಲಿರುವ ತಿಂಗಳುಗಳಲ್ಲಿ ಹಗ್ಗದ ಮೇಲೆ ಒಣಗಿದರೆ ಸಾಕು. ಮಾಕುಟ್ಟದಂಥ ಊರಿನಲ್ಲಿ ಆಷಾಢ ಶ್ರಾವಣಗಳಲ್ಲಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಆಗ ಎರಡು ಬಟ್ಟೆ ಇಟ್ಟುಕೊಂಡು, ಒಲೆಯ ಮೇಲಿನ ಅಟ್ಟದ ಕೆಳಗೆ, ಹೊಗೆ ನೇರವಾಗಿ ತಾಗದಂತೆ ಕಟ್ಟಿ ಒಣಗಿಸುವುದು ಅಲ್ಲಿನವರ ರೂಢಿ. ಗ್ಯಾಸಿನ ಒಲೆಯವರು ಅಡುಗೆಯಾದ ಮೇಲೆ ಬಿಸಿ ಪಾತ್ರೆಯ ಮುಚ್ಚಳದ ಮೇಲೆ ಹರವಬಹುದು. ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಐದು ನಿಮಿಷ ಹಾಕಬೇಕು. ಹುಳಿವಾಸನೆ ಬಂದರೆ ಅಥವಾ ಕಪ್ಪುಚುಕ್ಕೆ ಕಂಡರೆ ಉಳಿಸಿಕೊಳ್ಳುವ ಯೋಚನೆಯೇ ಬೇಡ, ಹೊಸ ತುಂಡು ಕತ್ತರಿಸಿಕೊಳ್ಳಿರಿ.

ಈಗಾಗಲೇ ಮನೆಗೆ ಯಂತ್ರ ತಂದವರು ಅದನ್ನು ಎಸೆಯಬೇಕೆಂದು ನಾವು ಹೇಳುವುದಿಲ್ಲ. ಪುಡಿಯ ಮೇಲೆ ಬಿಸಿನೀರು ತೊಟ್ಟಿಕ್ಕುವ ಬಗೆಯದಾದರೆ ಅದರ ಜಾಲರಿಯೊಳಗೆ ಕಾಗದದ ಸೋಸುಕ ಹಾಕಿಕೊಂಡರೆ ಕೊಬ್ಬಿನ ಭಯ ಬಹಳಷ್ಟು ಇಳಿಯುತ್ತದೆ. ಒತ್ತಡದಿಂದ ಇಳಿಸುವ ಎಸ್‌ಪ್ರೆಸೊ ಬಗೆಯದಾದರೆ ಆ ದಾರಿಯಿಲ್ಲ. ಅಪರೂಪಕ್ಕೆ ನೆಂಟರು ಬಂದಾಗ ಬಳಸಿ, ದಿನನಿತ್ಯಕ್ಕೆ ಪಾತ್ರೆಯನ್ನೇ ಆಶ್ರಯಿಸಬಹುದು. ರಾತ್ರಿ ತೊಟ್ಟಿಯ ನೀರು ಚೆಲ್ಲಿ ಮುಚ್ಚಳ ತೆರೆದಿಡಬೇಕು. ಹಾಲಿನ ನಳಿಗೆಯನ್ನು ಪ್ರತಿಸಲವೂ ಒರೆಸಿ, ಒಮ್ಮೆ ಹಬೆ ಬಿಡಬೇಕು. ಕೊಲೆಸ್ಟರಾಲ್ ಹೆಚ್ಚಿರುವವರು ಎರಡು ತಿಂಗಳು ಬಟ್ಟೆಯಲ್ಲಿ ಸೋಸಿದ ಕಾಫಿಯನ್ನೇ ಕುಡಿದು, ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡದೆ, ಮತ್ತೆ ರಕ್ತಪರೀಕ್ಷೆ ಮಾಡಿಸಿ ಹಳೆಯ ಚೀಟಿಯೊಡನೆ ಹೋಲಿಸಿ ನೋಡಲಿ.